ಒರಳುಕಲ್ಲಿನ ಅಳತೆ

ಮಳವಳ್ಳಿಯ ಸಭಾಂಗಣದಲ್ಲಿ ಫ್ಯಾನು ನಿಂತಿತ್ತು,
ಇದ್ದ ಕರೆಂಟೆಲ್ಲ ನನ್ನ ನಕ್ಷೆಗೇ ಬೇಕಿತ್ತು.
ಕೆಂಪು, ಕಿತ್ತಳೆ, ತೆಳು ಹಳದಿ:
ಮುಂದಿನ ಮೂವತ್ತು ವರ್ಷದ ಸೆಕೆ,
ಮೈಸೂರಿನ ಕಚೇರಿಯಲ್ಲಿ ಕೂತು ನಾವು ಬಳಿದದ್ದು.

ಮುಂದಿನ ಸಾಲಲ್ಲಿ ಅರಣ್ಯದ ವಾಚರು, ಟೋಪಿ ಮೊಣಕಾಲಿಗೆ ಸಿಕ್ಕಿಸಿ.
ಮೀನಿನ ಸೊಸೈಟಿಯ ಸಣ್ಣಮ್ಮ.
ನಾಲೆಯ ಸೌಡಿಗಳು ಐದು ಜನ.
ಹಿಂದೆ, ಬಾಗಿಲ ಪಕ್ಕ, ನೀರುಗಂಟಿ ಮಾಯಿಗಯ್ಯ.

ಎಲ್ಲ ಮುಗಿದ ಮೇಲೆ ಅವರು ಎದ್ದು ಬಂದು
ಬೆಳಕಿನೊಳಕ್ಕೇ ಕೈ ಇಟ್ಟರು.
ಬೆರಳ ನೆರಳು ಮೂರು ತಾಲ್ಲೂಕಿನ ಮೇಲೆ ಬಿತ್ತು.
"ನಮ್ಮ ಕೆರೆ ಎಲ್ಲೈತವ್ವ ಇದ್ರಲ್ಲಿ?"

ಹುಡುಕಿದೆ.
ಒಂದು ಚೌಕಕ್ಕೆ ಇಪ್ಪತ್ತೈದು ಕಿಲೋಮೀಟರು ಅಗಲ,
ಅದರೊಳಗೆ ಹನ್ನೊಂದು ಕೆರೆ, ಎರಡು ಗುಡ್ಡ, ಒಂದು ಆಲೆಮನೆ ಸಾಲು,
ಎಲ್ಲಕ್ಕೂ ಒಂದೇ ಕಿತ್ತಳೆ.
"ಇಲ್ಲೇ ಎಲ್ಲೋ," ಅಂದೆ.
"ಹಂಗಾದ್ರೆ ಮಳೆನೂ ಇಲ್ಲೇ ಎಲ್ಲೋ ಹುಯ್ತದೆ ಬುಡಿ."
ಯಾರೂ ನಗಲಿಲ್ಲ. ಅದೇ ಕಷ್ಟವಾಯಿತು.

*

ಅವರ ಊರು ನಾಲೆಯ ಕೊನೆ.
ಕಟ್ಟುನೀರು ಬಿಟ್ಟ ಹನ್ನೆರಡನೇ ದಿನ
ನೀರಿಗಿಂತ ಮೊದಲು ಪ್ಲಾಸ್ಟಿಕ್ ಬಾಟಲಿ ಬಂದು ಮುಟ್ಟುವ ಊರು.
ನಮ್ಮ ಕಾಗದಗಳೂ ಅದೇ ನಾಲೆಯಲ್ಲಿ ಹರಿಯುತ್ತವೇನೋ:
ಕಚೇರಿಯಿಂದ ಕಚೇರಿಗೆ ಇಂಗಿ ಇಂಗಿ
ತೂಬಿನ ಹತ್ತಿರ ಬರುವಷ್ಟರಲ್ಲಿ
ಮೊಹರು ಮಾತ್ರ ಒದ್ದೆ.

ಮಾಯಿಗಯ್ಯ ಒಳಗಿಂದ ತಂದಿಟ್ಟರು
ಹಾಲಿನ ಡೇರಿಯ ಹಳೇ ಪಾಸ್‌ಬುಕ್ಕುಗಳು, ದಾರ ಕಟ್ಟಿದ್ದು.
ಮುಂದಿನ ಪುಟದಲ್ಲಿ ಲೀಟರು, ಫ್ಯಾಟು, ರೂಪಾಯಿ.
ಹಿಂದಿನ ಪುಟದಲ್ಲಿ, ಸೊಸೆ ಪುಟ್ಟಗೌರಿಯ ಕೈಬರಹದಲ್ಲಿ, ಮಳೆ:

ಆರಿದ್ರೆ ಎರಡನೇ ಪಾದ. ಅರ್ಧ ಒರಳು.
ಹುಬ್ಬೆ. ಒರಳ ತಳ ನೆನೆಯಿತು, ಅಷ್ಟೆ.
ಉತ್ರೆ. ಗುಡುಗಿ ಹೋಯ್ತು.
ಚಿತ್ತೆ. ರಾತ್ರಿ ಒಂದೇ ಸಲಕ್ಕೆ ತುಂಬಿ ಚೆಲ್ತು. ಕೋಡಿ.
ಕೆಳಗಿನ ಕೆರೇಲಿ ಸಣ್ಣಮ್ಮನ ಮರಿಮೀನೆಲ್ಲ ಗದ್ದೆ ಪಾಲು.

ಹೀಗೆ ಇಪ್ಪತ್ತಾರು ವರ್ಷ.
ಒರಳುಕಲ್ಲು ಅಂಗಳದಲ್ಲೇ ಇತ್ತು;
ಮಿಕ್ಸಿ ಬಂದಮೇಲೆ ಅದಕ್ಕೆ ಇದೊಂದೇ ಕೆಲಸ.

ಮಂಡಿಯೂರಿ ಕೂತೆ.
ಪಾವಿನಲ್ಲಿ ನೀರು ಹುಯ್ದು ಹುಯ್ದು ಅಳೆದೆ.
ಬಾಯಿ ಅಗಲ, ತಳ ಕಿರಿದು,
ಒಂದು ಮಗ್ಗುಲು ಸವೆದದ್ದು ಅವರ ತಾಯಿಯ ರಟ್ಟೆಗೆ,
ಆ ಸವೆತಕ್ಕೂ ಲೆಕ್ಕ ಹಾಕಬೇಕಾಯಿತು.
ಮೈಸೂರಿನಲ್ಲಿ ಸಾಹೇಬರು ಕೇಳಿದರು:
"ಅವನು ನಂಬಿಕಸ್ಥನಾ?"
ಕಲ್ಲನ್ನು ನಾನೇ ಅಳೆದಿದ್ದೇನೆ, ಅಂದೆ.

*

ಯುಗಾದಿ ಕಳೆದು ಮತ್ತೆ ಹೋದೆ, ಒಂದೇ ಹಾಳೆ ಹಿಡಿದು.
ಬಣ್ಣವಿಲ್ಲ. ನಮ್ಮ ವಾರಗಳನ್ನೆಲ್ಲ ಒಡೆದು
ಮಳೆ ಮಳೆಯ ಹೆಸರಿಗೆ ಹೊಂದಿಸಿದ್ದೆ:
ಆರಿದ್ರೆ ಸೊರಗುತ್ತಿದೆ, ನೆಚ್ಚಿ ಸಸಿಮಡಿ ಮಾಡಬೇಡಿ.
ಚಿತ್ತೆ ಬಂದರೆ ಒಂದೇ ರಾತ್ರಿಗೆ.
ಅಷ್ಟರೊಳಗೆ ಕೋಡಿಯ ಜೊಂಡು ತೆಗೆದಿರಲಿ,
ಕೆರೆಯಲ್ಲಿ ಎರಡು ಮೆಟ್ಟಿಲು ಖಾಲಿ ಇರಲಿ.

ಸೊಸೆಯಿಂದ ನಿಧಾನ ಓದಿಸಿಕೊಂಡರು.
ಬೀಡಿ ಹಚ್ಚಲಿಲ್ಲ, ಬೆರಳಲ್ಲೇ ಹೊರಳಿಸಿದರು.
"ಇದು ನಂಗೊತ್ತಿತ್ತಲ್ಲವ್ವ.
ಮೇಲಿನೋರಿಗೂ ಗೊತ್ತಿರ್ತದೆ ಅನ್ಕೊಂಡಿದ್ದೆ."

ನಾವೂ ಅಂದುಕೊಂಡಿದ್ದೆವು,
ಕೆಳಗಿನವರಿಗೆ ಮುಟ್ಟಿದೆ ಎಂದು.

ಹಾಳೆಯನ್ನು ತೂಬಿನ ಮನೆಯ ಗೋಡೆಗೆ
ರಾಗಿ ಅಂಬಲಿ ಬಳಿದು ಅಂಟಿಸಿದರು.
ಇರುವೆ ಬಂದವು. "ಅವೂ ಓದ್ಕೊಳ್ಳಿ."

*

ಚಿತ್ತೆಯ ನಡುರಾತ್ರಿ ಫೋನು.
ದನಿಯ ಹಿಂದೆ ಹೆಂಚಿನ ಮೇಲೆ ಜಲ್ಲಿ ಸುರಿದ ಸದ್ದು.
"ಒರಳು ಒಂದ್ಸಾರಿ ತುಂಬ್ತು, ಬಗ್ಗಿಸಿ ಇಟ್ಟೆ,
ಇನ್ನೊಂದ್ಸಾರಿ ತುಂಬ್ತಾ ಐತೆ.
ನಿಮ್ಮ ಮಿಷನ್ ಏನಂತದೆ?"

ನನ್ನ ಪರದೆಯ ಚೌಕ ಇನ್ನೂ ಬೆಳ್ಳಗಿತ್ತು.
"ಏನೂ ಅಂತಿಲ್ಲ," ಅಂದೆ. "ನೀವೇ ಹೇಳಿ."
ಹೇಳುತ್ತ ಹೋದರು. ಬರೆದುಕೊಂಡೆ,
ದೀಪ ಹಾಕುವುದನ್ನೂ ಮರೆತು, ಕತ್ತಲಲ್ಲೇ
ಇನ್ನೊಂದು ಫೋನಿನಲ್ಲಿ
ಕೆಳಗಿನ ಕೆರೆಯ ಸಣ್ಣಮ್ಮನ ನಂಬರು ಹುಡುಕುತ್ತ.